ಸಿಸ್ಕೊ ಸ್ವಿಚ್‌ನಲ್ಲಿ ಬದಲಾವಣೆ ಹಾಕೋ ಮುಂಚೆ ಸ್ಟೇಜ್ ಮಾಡೋದು, ಅಂದ್ರೆ ಮೊದಲೇ ತಯಾರಿಸಿ ಪರೀಕ್ಷಿಸೋದು, ಹೇಗೆ? ("ಆಡ್" ಮರೆತು ಒಂದು ಮಹಡಿ ಪೂರ್ತಿ ಮಲಗಿದ ಮೇಲೆ ಕೇಳ್ತಿರೋ ಪ್ರಶ್ನೆ)

ಟ್ರಂಕ್‌ತುಂಡ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ. ಹಿನ್ನೆಲೆ ಹೇಳದೆ ಕೇಳಿದ್ರೆ "ಡಬ್ಬಿ ಬದಲಾಯಿಸಿ" ಅನ್ನೋ ಉತ್ತರವೇ ಬರುತ್ತೆ ಅಂತ ಗೊತ್ತು, ಅದಕ್ಕೇ.

ನಾನು ನೋಡ್ಕೊಳ್ಳೋದು ಸುಮಾರು ನಲವತ್ತು ಆಕ್ಸೆಸ್ ಸ್ವಿಚ್, ಎರಡು ಕೋರ್ ಸ್ವಿಚ್. ಇವೆಲ್ಲ ಸಿಸ್ಕೊ ಐಒಎಸ್ (ಸಿಸ್ಕೊದ ಆಪರೇಟಿಂಗ್ ಸಿಸ್ಟಮ್). ಹೊರಗಿನ ಲಿಂಕ್‌ಗಳಿಗೆ ಎರಡು ಜೂನಿಪರ್ ರೌಟರ್. ಈ ಕೆಲಸದಲ್ಲಿ ಮೂರು ವರ್ಷ ಆಯ್ತು. ಹೆಚ್ಚುಕಮ್ಮಿ ಒಬ್ಬನೇ.

ಹೋದ ವಾರ ಮೂರನೇ ಮಹಡಿಗೆ ಹೊಸ ವಿಲ್ಯಾನ್ 30 (ಅದೇ ಸ್ವಿಚ್‌ಗಳ ಮೇಲೆ ಬೇರೆಯಾಗಿ ಇಡೋ ಒಂದು ನೆಟ್‌ವರ್ಕ್) ಕೊಡಬೇಕಿತ್ತು. ಆ ಮಹಡಿಯ ಸ್ವಿಚ್‌ನ ಅಪ್‌ಲಿಂಕ್ ಟ್ರಂಕ್‌ನಲ್ಲಿ (ಹಲವು ವಿಲ್ಯಾನ್ ಒಟ್ಟಿಗೆ ಹೊರೋ ಮೇಲಿನ ಲಿಂಕ್) ಆಗಲೇ 10, 20, 40, 99 ಹೋಗ್ತಿದ್ವು. 99 ಅಂದ್ರೆ ಮ್ಯಾನೇಜ್‌ಮೆಂಟ್, ನಾನು ದೂರದಿಂದ ಸ್ವಿಚ್ ಒಳಗೆ ಹೋಗೋ ದಾರಿ. ನಾನು ಎಸ್‌ಎಸ್‌ಎಚ್‌ನಲ್ಲಿ ಅದೇ ಸ್ವಿಚ್‌ಗೆ ಹೋಗಿ, ಅಪ್‌ಲಿಂಕ್ ಇಂಟರ್‌ಫೇಸ್ ಒಳಗೆ ಇಳಿದು, "ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30" ಅಂತ ಹೊಡೆದೆ. ಮಧ್ಯೆ ಬರಬೇಕಿದ್ದ "ಆಡ್" ಇಲ್ಲ.

ಎಂಟರ್ ಒತ್ತಿದೆ. ಪ್ರಾಂಪ್ಟ್ ವಾಪಸ್ ಬರಲಿಲ್ಲ. ಇನ್ನೊಂದು ಸಲ ಎಂಟರ್. ಮತ್ತೊಂದು ಸಲ. ಮೂರನೇ ಎಂಟರ್ ಹೊತ್ತಿಗೆ ಏನಾಗಿದೆ ಅಂತ ಹೊಳೀತು, ಎದೆ ಧಸಕ್ ಅಂತು. 30 ಸೇರಿಸಿ ಅಂತ ನಾನು ಹೇಳಿರಲಿಲ್ಲ, 30 ಒಂದೇ ಇರಲಿ ಅಂತ ಹೇಳಿದ್ದೆ. ನಾನು ಕೂತಿದ್ದ ಕೊಂಬೆಯನ್ನ ನಾನೇ ಕಡಿದಿದ್ದೆ. 99 ಹೋಯ್ತು, ಅದರ ಜೊತೆ ಆ ಮಹಡಿಯ ಬಾಕಿ ಮೂರು ವಿಲ್ಯಾನೂ ಹೋದವು. ಮೆಟ್ಟಿಲು ಹತ್ತಿ ಓಡಿ, ರ‍್ಯಾಕ್ ಬೀಗ ತೆಗೆದು, ಪವರ್ ಕಿತ್ತು ಹಾಕಿದೆ. ಸೇವ್ ಮಾಡಿರಲಿಲ್ಲವಾದ್ದರಿಂದ ಹಳೇ ಸ್ಟಾರ್ಟಪ್ ಕಾನ್ಫಿಗ್ (ಕೊನೇ ಸಲ ಸೇವ್ ಆಗಿದ್ದ ಸೆಟ್ಟಿಂಗ್) ಎತ್ತಿಕೊಂಡು ಎದ್ದು ಬಂತು. ಸ್ವಿಚ್‌ಗೆ ನೇರ ಚುಚ್ಚಿ ಸರಿಮಾಡೋ ಕನ್ಸೋಲ್ ಕೇಬಲ್ ಜೇಬಲ್ಲೇ ಇತ್ತು, ಅದು ನೆನಪಾಗಿದ್ದು ಕೆಳಗಿಳಿದು ಬಂದ ಮೇಲೆ.

ಈಗ ಮೇಲಿನವರ ಆದೇಶ: "ಇನ್ನು ಮುಂದೆ ಏನೇ ಬದಲಾವಣೆ ಇದ್ರೂ ಸ್ಟೇಜ್ ಮಾಡಿ ಆಮೇಲೆ ಹಾಕು. ವಿಧಾನ ಬರೆದು ಕೊಡು."

ಜೂನಿಪರ್‌ನಲ್ಲಿ ಇದು ಸುಲಭ. ಕ್ಯಾಂಡಿಡೇಟ್ ಕಾನ್ಫಿಗ್ (ಇನ್ನೂ ಜಾರಿಯಾಗದ ಕರಡು) ಅಂತಲೇ ಬೇರೆ ಇದೆ, "ಶೋ ಪೈಪ್ ಕಂಪೇರ್" ನೋಡಿ, "ಕಮಿಟ್ ಕನ್ಫರ್ಮ್ಡ್ 5" ಕೊಟ್ರೆ ಐದು ನಿಮಿಷದಲ್ಲಿ ನಾನು ಖಾತ್ರಿ ಮಾಡದಿದ್ರೆ ತಾನೇ ಹಿಂದಕ್ಕೆ ಹೋಗುತ್ತೆ. ಐಒಎಸ್‌ನಲ್ಲಿ ಆ ಸೌಕರ್ಯ ಎಲ್ಲಿದೆ? ಎಂಟರ್ ಒತ್ತಿದ ಕ್ಷಣಕ್ಕೇ ಆ ಸಾಲು ಜಾರಿ. ನಾನು ಈಗ ಮಾಡ್ತಿರೋದು ಇಷ್ಟು: ನೋಟ್‌ಪ್ಯಾಡ್‌ನಲ್ಲಿ ಕಮಾಂಡ್ ಬರೆದುಕೊಂಡು, ಎರಡು ಸಲ ಓದಿ, ಪೇಸ್ಟ್ ಮಾಡ್ತೀನಿ. ರೋಲ್‌ಬ್ಯಾಕ್ (ಹಳೇ ಸ್ಥಿತಿಗೆ ವಾಪಸ್) ಅಂದ್ರೆ ಪ್ರತಿ ಸಾಲಿನ ಮುಂದೆ "ನೋ" ಸೇರಿಸಿದ ಇನ್ನೊಂದು ಫೈಲ್. ಇದಕ್ಕೆ ಸ್ಟೇಜಿಂಗ್ ಅನ್ನಬಹುದಾ? ನಲವತ್ತು ಸ್ವಿಚ್ ಇರೋ ಜಾಗಕ್ಕೆ ಒಂದು ಲ್ಯಾಬ್ ಕಟ್ಟೋದು ಅತಿಯಾಗುತ್ತಾ? ಅನುಭವ ಇರೋರು ದಯವಿಟ್ಟು ಹೇಳಿ ಸರ್.

ಕನ್ಸೋಲ್‌ಕೇಬಲ್

ಸರ್ ಅಂದಿದ್ದೀರಿ, ಇಲ್ಲಿ ಮೇಡಂಗಳೂ ಇದ್ದೀವಿ. ಇರಲಿ.

ಮೊದಲು ನಿಮ್ಮ ರೋಲ್‌ಬ್ಯಾಕ್ ಫೈಲ್ ಬಗ್ಗೆ, ಯಾಕೆಂದ್ರೆ ನನಗೆ ಹೆದರಿಕೆ ಆಗಿದ್ದು ಅದನ್ನ ಓದಿ. ಆ ದಿನ ನೀವು ಕನ್ಸೋಲ್‌ನಲ್ಲಿ ಕೂತು ನಿಮ್ಮ "ನೋ" ಫೈಲನ್ನೇ ಹಾಕಿದ್ರಿ ಅಂತಿಟ್ಕೊಳ್ಳಿ. "ನೋ ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್". ಏನಾಗ್ತಿತ್ತು? 10, 20, 40, 99 ವಾಪಸ್ ಬರ್ತಿರಲಿಲ್ಲ. ಡಿಫಾಲ್ಟ್ ಬರ್ತಿತ್ತು, ಅಂದ್ರೆ ಎಲ್ಲಾ ವಿಲ್ಯಾನ್‌ಗಳಿಗೂ ದಾರಿ ಬಿಟ್ಟ ಟ್ರಂಕ್. ಲಿಂಕ್ ಎದ್ದಿದ್ದಕ್ಕೆ ನೀವು ನಿಟ್ಟುಸಿರು ಬಿಟ್ಟು ಸೇವ್ ಮಾಡ್ತಿದ್ರಿ, ಆ ಟ್ರಂಕ್ ಇನ್ನೆರಡು ವರ್ಷ ಬಾಗಿಲು ತೆರೆದಿಟ್ಟ ಮನೆ ಥರ ಇರ್ತಿತ್ತು. "ನೋ" ಅಂದ್ರೆ "ಹಿಂದಿನದಕ್ಕೆ ಹೋಗು" ಅಂತ ಅಲ್ಲ. ಆ ಸಾಲು ತೆಗೆ ಅಂತ ಅಷ್ಟೇ. ಹಿಂದೆ ಏನಿತ್ತು ಅನ್ನೋದು ಡಿವೈಸ್‌ಗೆ ನೆನಪಿಲ್ಲ.

ಇದು ನಾನು ಪುಸ್ತಕ ಓದಿ ಕಲಿತದ್ದಲ್ಲ. ಕೆಲಸಕ್ಕೆ ಸೇರಿದ ಹೊಸದು, ಮ್ಯಾನೇಜ್‌ಮೆಂಟ್ ಇಂಟರ್‌ಫೇಸ್ ಮೇಲೆ ನಂಬರಿನ ಆಕ್ಸೆಸ್ ಲಿಸ್ಟ್ 101 (ಯಾರನ್ನ ಬಿಡಬೇಕು, ಯಾರನ್ನ ತಡೀಬೇಕು ಅನ್ನೋ ಪಟ್ಟಿ) ಇತ್ತು. ಹನ್ನೆರಡು ಸಾಲು. ಅದರಲ್ಲಿ ಒಂದು ಸಾಲಿನ ಐಪಿ ಬದಲಾಯಿಸಬೇಕು. "ನೋ ಆಕ್ಸೆಸ್‌ಲಿಸ್ಟ್ 101 ಪರ್ಮಿಟ್..." ಅಂತ ಆ ಒಂದು ಸಾಲನ್ನ ಪೂರ್ತಿ ಬರೆದು ಹೊಡೆದೆ. ಹಾಗೆ ಹೊಡೆದ್ರೆ ಹೋಗೋದು ಒಂದು ಸಾಲಲ್ಲ, ಇಡೀ 101. ಇಂಟರ್‌ಫೇಸ್ ಮೇಲೆ ಹೆಸರು ಮಾತ್ರ ಇದ್ದು ಲಿಸ್ಟೇ ಇಲ್ಲದಿದ್ದಾಗ ಐಒಎಸ್ ಎಲ್ಲವನ್ನೂ ಬಿಡುತ್ತೆ, ಹಾಗಾಗಿ ನನ್ನ ಸೆಷನ್ ಚೆನ್ನಾಗೇ ಇತ್ತು. ಏನೂ ಅನುಮಾನ ಬರಲಿಲ್ಲ. ಆಮೇಲೆ ಹೊಸ ಐಪಿಯ ಪರ್ಮಿಟ್ ಸಾಲು ಹಾಕಿದೆ. ಈಗ 101 ಮತ್ತೆ ಹುಟ್ಟಿತು, ಒಂದೇ ಒಂದು ಸಾಲಿನ ಲಿಸ್ಟಾಗಿ, ಕೊನೆಗೆ ಕಣ್ಣಿಗೆ ಕಾಣದ "ಡಿನೈ" ಜೊತೆ. ನನ್ನ ಐಪಿ ಆ ಸಾಲಲ್ಲಿ ಇರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವತ್ತಿನಿಂದ ಇದ್ದ ಲಿಸ್ಟನ್ನ ಮುಟ್ಟಲ್ಲ. ಹೊಸ ಹೆಸರಲ್ಲಿ ಪೂರ್ತಿ ಲಿಸ್ಟ್ ಬರೆದು, ಓದಿ, ಇಂಟರ್‌ಫೇಸ್ ಮೇಲಿನ ಒಂದೇ ಸಾಲು ಬದಲಾಯಿಸ್ತೀನಿ. ಹಿಂದಕ್ಕೆ ಹೋಗೋದೂ ಅದೇ ಒಂದು ಸಾಲು.

ಈಗ ಐಒಎಸ್‌ನಲ್ಲಿ ಸೌಕರ್ಯ ಎಲ್ಲಿದೆ ಅಂದ್ರಿ. ಇದೆ, ಹುಡುಕಿ ಚಾಲೂ ಮಾಡ್ಕೋಬೇಕು. ಎಲ್ಲಾ ಸ್ವಿಚ್‌ನಲ್ಲೂ ಮೊದಲು "ಆರ್ಕೈವ್" ಒಳಗೆ ಹೋಗಿ "ಪಾತ್ ಫ್ಲ್ಯಾಶ್:ಬ್ಯಾಕಪ್" ಕೊಡಿ. ಇದಾದ ಮೇಲೆ "ಕಾನ್ಫಿಗರ್ ಟರ್ಮಿನಲ್" ಅನ್ನೋ ಬದಲು "ಕಾನ್ಫಿಗರ್ ಟರ್ಮಿನಲ್ ರಿವರ್ಟ್ ಟೈಮರ್ 5" ಅಂತ ಒಳಗೆ ಹೋಗಿ. ಡಿವೈಸ್ ಆ ಕ್ಷಣದ ಕಾನ್ಫಿಗ್‌ನ ಪ್ರತಿ ಎತ್ತಿಟ್ಕೊಂಡು ಗಡಿಯಾರ ಶುರು ಮಾಡುತ್ತೆ. ಕೆಲಸ ಸರಿಯಾಯ್ತಾ, ಹೊರಗೆ ಬಂದು "ಕಾನ್ಫಿಗರ್ ಕನ್ಫರ್ಮ್". ಇಲ್ಲವಾ, ಐದು ನಿಮಿಷಕ್ಕೆ ತಾನೇ ಹಳೇದಕ್ಕೆ ಹೋಗುತ್ತೆ, ರೀಬೂಟ್ ಇಲ್ಲದೆ. ಆವತ್ತು ಹೀಗೆ ಮಾಡಿದ್ರೆ ನೀವು ಮೆಟ್ಟಿಲು ಹತ್ತೋ ಅಷ್ಟರಲ್ಲಿ ಮಹಡಿ ಎದ್ದಿರ್ತಿತ್ತು.

ಹಳಬರು "ರೀಲೋಡ್ ಇನ್ 10" ಹೇಳ್ತಾರೆ. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದ್ದು, ಆರ್ಕೈವ್ ಇಲ್ಲದ ಹಳೇ ಡಬ್ಬಿಗೆ ಈಗಲೂ ಅದೇ ಗತಿ. ಆದ್ರೆ ಎರಡು ಗುಂಡಿ ಇವೆ. ಒಂದು, ಬದಲಾವಣೆ ಮಾಡಿದ ಮೇಲೆ ಅದನ್ನ ಹೊಡೆದ್ರೆ "ಕಾನ್ಫಿಗ್ ಬದಲಾಗಿದೆ, ಸೇವ್ ಮಾಡಲಾ?" ಅಂತ ಕೇಳುತ್ತೆ. ಅಭ್ಯಾಸಬಲದಿಂದ "ಎಸ್" ಒತ್ತಿದ್ರೆ ಮುಗೀತು, ತಪ್ಪನ್ನೇ ಸೇವ್ ಮಾಡಿ ಅದಕ್ಕೇ ರೀಬೂಟ್. ಹೋದ ಪುಟ್ಟ ಬಂದ ಪುಟ್ಟ. ಹಾಗಾಗಿ ಮೊದಲು ರೀಲೋಡ್ ಹೊಡೆದು, ಆಮೇಲೆ ಬದಲಾವಣೆ. ಎರಡನೇದು, ಕೆಲಸ ಮುಗಿದ ಖುಷಿಯಲ್ಲಿ "ರೀಲೋಡ್ ಕ್ಯಾನ್ಸಲ್" ಮರೆಯೋದು. ಇದನ್ನ ಮರೆಯದೆ ಇರೋ ಇಂಜಿನಿಯರ್‌ನ ನಾನಿನ್ನೂ ನೋಡಿಲ್ಲ.

ಇದೆಲ್ಲಾ ಬಿದ್ದ ಮೇಲೆ ಹಿಡಿಯೋ ಬಲೆ. ಸ್ಟೇಜ್ ಮಾಡೋದು ಬೇರೆ. ನೀವು ನೋಟ್‌ಪ್ಯಾಡ್‌ನಲ್ಲಿ ಬರೆದಿರೋದು ಕಮಾಂಡ್. "ಅಲೌಡ್ ವಿಲ್ಯಾನ್ 30" ಅನ್ನೋ ಸಾಲನ್ನ ಎರಡಲ್ಲ ಇಪ್ಪತ್ತು ಸಲ ಓದಿದ್ರೂ ಅದು ಸರಿಯಾಗೇ ಕಾಣುತ್ತೆ, ಯಾಕೆಂದ್ರೆ ಅದು ಸರಿಯಾದ ಕಮಾಂಡೇ. ತಪ್ಪು ಇರೋದು ಆ ಕಮಾಂಡ್ ಆದ ಮೇಲಿನ ಸ್ಥಿತಿಯಲ್ಲಿ. ಹಾಗಾಗಿ ಕಮಾಂಡ್ ಬರೆಯೋದು ಬಿಟ್ಟು, ಎಲ್ಲಾ ಮುಗಿದ ಮೇಲೆ ಕಾನ್ಫಿಗ್ ಹೇಗಿರಬೇಕೋ ಆ ಪೂರ್ತಿ ಫೈಲ್ ತಯಾರು ಮಾಡಿ. ರನ್ನಿಂಗ್ ಕಾನ್ಫಿಗ್‌ನ (ಈಗ ಜಾರಿಯಲ್ಲಿರೋದರ) ಪ್ರತಿ ಇಳಿಸ್ಕೊಂಡು ಅದರಲ್ಲೇ ತಿದ್ದಿ, ಫ್ಲ್ಯಾಶ್‌ಗೆ ಹಾಕಿ, "ಶೋ ಆರ್ಕೈವ್ ಕಾನ್ಫಿಗ್ ಡಿಫರೆನ್ಸಸ್" ಅಂತ ರನ್ನಿಂಗ್‌ಗೂ ಆ ಫೈಲ್‌ಗೂ ಹೋಲಿಸಿ. ಆವತ್ತು ನೀವು ಫೈಲ್‌ನಲ್ಲಿ ಬರೀ 30 ಬರೆದಿದ್ರೂ ಪರದೆ ಮೇಲೆ ಹೀಗೆ ಬರ್ತಿತ್ತು: ಮೈನಸ್ ಗುರುತಿನ ಸಾಲಲ್ಲಿ 10,20,40,99. ಪ್ಲಸ್ ಗುರುತಿನ ಸಾಲಲ್ಲಿ 30. ಆ ಮೈನಸ್ ನೋಡಿ ಯಾರ ಕೈಯೂ ಎಂಟರ್ ಕಡೆ ಹೋಗಲ್ಲ.

ಅದನ್ನ ಜಾರಿ ಮಾಡೋಕೆ "ಕಾನ್ಫಿಗರ್ ರೀಪ್ಲೇಸ್". ಅದು ವ್ಯತ್ಯಾಸ ಮಾತ್ರ ಲೆಕ್ಕ ಹಾಕಿ ಹಾಕುತ್ತೆ, ಒಂದು ಸಾಲು ಇನ್ನೊಂದರ ಮೇಲೆ ನಿಂತಿದ್ರೆ ಐದು ಸುತ್ತಿನವರೆಗೂ ಮತ್ತೆ ಮತ್ತೆ ಪ್ರಯತ್ನ ಮಾಡುತ್ತೆ. ಇದಕ್ಕೂ ಟೈಮರ್ ಕೊಡಬಹುದು. "ಕಾಪಿ ಫ್ಲ್ಯಾಶ್:ಫೈಲ್ ರನ್ನಿಂಗ್ ಕಾನ್ಫಿಗ್" ಜೊತೆ ಇದನ್ನ ಗೊಂದಲ ಮಾಡ್ಕೋಬೇಡಿ. ಅದು ಬೆರೆಸುತ್ತೆ ಅಷ್ಟೇ, ಫೈಲ್‌ನಲ್ಲಿ ಇಲ್ಲದ್ದನ್ನ ಅಳಿಸಲ್ಲ. ಆದ್ರೂ ಅದರದ್ದೊಂದು ಉಪಯೋಗ ಇದೆ: ನೀವು ಒಳಗೆ ಬಂದಿರೋ ಇಂಟರ್‌ಫೇಸ್‌ನ ಐಪಿಯನ್ನೇ ಬದಲಾಯಿಸಬೇಕಾದಾಗ ಪೇಸ್ಟ್ ಮಾಡಿದ್ರೆ ಮೊದಲ ಸಾಲಿಗೇ ಸೆಷನ್ ಸಾಯುತ್ತೆ, ಉಳಿದ ಸಾಲು ಗಾಳಿಗೆ. ಫೈಲ್ ಫ್ಲ್ಯಾಶ್‌ನಲ್ಲಿ ಇದ್ರೆ ಸೆಷನ್ ಹೋದ್ರೂ ಡಿವೈಸ್ ತಾನೇ ಕೊನೇ ಸಾಲಿನವರೆಗೂ ಓದಿ ಮುಗಿಸುತ್ತೆ. 9600 ಬಾಡ್ ಕನ್ಸೋಲ್‌ನಲ್ಲಿ ನೂರು ಸಾಲು ಪೇಸ್ಟ್ ಮಾಡಿ ಮಧ್ಯದ ನಾಲ್ಕು ಸಾಲು ನುಂಗಿಹೋದದ್ದು ನೋಡಿದವರಿಗೆ ಇದರ ಬೆಲೆ ಗೊತ್ತು.

ಪ್ಯಾಚ್‌ಪ್ಯಾನೆಲ್

ಅಕ್ಕಾರು ಹೇಳಿದ್ದೆಲ್ಲಾ ಖರೇ ಐತ್ರಿ. ಲ್ಯಾಬ್ ಬಗ್ಗೆ ನಂದೊಂದು ಮಾತು. ಲ್ಯಾಬ್‌ನಾಗ ಸ್ಟೇಜ್ ಮಾಡಿದ ಸ್ವಿಚ್ಚೇ ನಮ್ಮ ಇಡೀ ನೆಟ್‌ವರ್ಕ್ ಮಲಗಿಸಿತ್ತು ಒಂದ್ಸಲ.

ಹಳೇ ಸ್ವಿಚ್ ಒಂದು ಮೇಜಿನ ಮ್ಯಾಲ ಇಟ್ಕೊಂಡು ಹದಿನೈದು ದಿನ ವಿಲ್ಯಾನ್ ಮಾಡೂದು, ಅಳಸೂದು ನಡಿಸಿದ್ದೆ. ವಿಟಿಪಿ (ಸ್ವಿಚ್‌ಗಳು ವಿಲ್ಯಾನ್ ಪಟ್ಟಿ ತಮ್ಮತಮ್ಮಾಗ ಹಂಚ್ಕೊಳ್ಳೂ ವ್ಯವಸ್ಥಾ) ಡೊಮೇನ್ ಹೆಸರು, ಪಾಸ್‌ವರ್ಡ್ ಎಲ್ಲಾ ಪ್ರೊಡಕ್ಷನ್‌ದೇ, "ಖರೇ ಇದ್ದಂಗ ಇರ್ಲಿ" ಅಂತ. ಒಂದೊಂದು ಬದಲಿಗೂ ವಿಟಿಪಿ ರಿವಿಜನ್ ನಂಬರ್ ಏರತೈತಿ, ಅದು ನನ್ನ ತಲ್ಯಾಗ ಇರಲಿಲ್ಲ. ಆ ಸ್ವಿಚ್ ತಂದು ಟ್ರಂಕಿಗೆ ಚುಚ್ಚಿದೆ. ಅದರ ರಿವಿಜನ್ ದೊಡ್ಡದು, ಹಂಗಾಗಿ ಉಳಿದವೆಲ್ಲಾ "ಇದೇ ಹೊಸಾದು" ಅಂತ ನಂಬಿ ತಮ್ಮ ವಿಲ್ಯಾನ್ ಪಟ್ಟಿ ಒಗದು ಇದರದು ತಗೊಂಡ್ವು. ಲ್ಯಾಬ್‌ನಾಗ ಇದ್ದದ್ದು ಮೂರೇ ವಿಲ್ಯಾನ್ ನೋಡ್ರಿ. ಉಳಿದ ವಿಲ್ಯಾನಿನ ಪೋರ್ಟೆಲ್ಲಾ ಸತ್ತಂಗ ಕುಂತ್ವು.

ಅಂದಿನಿಂದ ಲ್ಯಾಬ್‌ನಿಂದ ಬರೂ ಸ್ವಿಚ್ ಮೊದಲ ಟ್ರಾನ್ಸ್‌ಪರೆಂಟ್ ಮೋಡಿಗೆ ಹಾಕ್ತೀನಿ, ರಿವಿಜನ್ ಸೊನ್ನಿ ಆಗತೈತಿ. ವರ್ಷನ್ 3 ರಾಗ ಪ್ರೈಮರಿ ಸರ್ವರ್ ಅಂತ ಬಂದು ಈ ಕಾಟ ಕಡಿಮಿ ಆಗೈತಿ. ಆದ್ರ ನಲವತ್ತು ಸ್ವಿಚ್ಚಿನಾಗ ಎಷ್ಟು ಇನ್ನೂ 1, 2 ರಾಗ ಅದಾವು, ಒಮ್ಮೆ ನೋಡ್ಕೋರಿ.

ಹೋಲ್ಡ್‌ಟೈಮ್180

ಕನ್ಸೋಲ್‌ಕೇಬಲ್ ಅವರು "ರಿವರ್ಟ್ ಟೈಮರ್ 5" ಅಂದ್ರು. ಐದು ಸಾಕಾ, ಎಷ್ಟು ಹೊತ್ತಿಗೆ ಕನ್ಫರ್ಮ್ ಒತ್ತಬೇಕು ಅನ್ನೋದನ್ನ ಯಾರೂ ಹೇಳಲ್ಲ. ನನ್ನ ಅಡ್ಡಹೆಸರು ಹುಟ್ಟಿದ್ದೇ ಅಲ್ಲಿಂದ.

ಎಡ್ಜ್ ರೌಟರ್ ಮೇಲೆ ಒಂದು ಫಿಲ್ಟರ್ ಬಿಗಿ ಮಾಡ್ತಿದ್ದೆ. ಟೈಮರ್ ಹಾಕಿದ್ದೆ, ಡಿಫ್ (ಹಳೇದಕ್ಕೂ ಹೊಸದಕ್ಕೂ ಇರೋ ವ್ಯತ್ಯಾಸ) ನೋಡಿದ್ದೆ, ಎಲ್ಲಾ ಶಾಸ್ತ್ರೋಕ್ತ. ಜಾರಿ ಮಾಡಿ ಒಂದು ನಿಮಿಷ ಕಾದು ಬಿಜಿಪಿ (ಹೊರಗಿನ ನೆಟ್‌ವರ್ಕ್‌ಗಳ ಜೊತೆ ದಾರಿ ಹಂಚ್ಕೊಳ್ಳೋ ಪ್ರೋಟೋಕಾಲ್) ಸಮ್ಮರಿ ನೋಡಿದೆ: ನಾಲ್ಕೂ ನೆರೆಯವರು ಎಸ್ಟಾಬ್ಲಿಷ್ಡ್, ಅಂದ್ರೆ ಸಂಪರ್ಕ ಇದೆ. ಪಿಂಗ್ ಹೋಗ್ತಿದೆ. ಕನ್ಫರ್ಮ್ ಒತ್ತಿ, ಸೇವ್ ಮಾಡಿ, ಎದ್ದು ಹೋದೆ. ಬಾಗಿಲು ದಾಟೋ ಹೊತ್ತಿಗೆ ಫೋನ್.

ಆಗಿದ್ದು ಇಷ್ಟು. ಫಿಲ್ಟರ್‌ನಲ್ಲಿ ಒಬ್ಬ ನೆರೆಯವನ ಟಿಸಿಪಿ 179ಕ್ಕೆ (ಬಿಜಿಪಿಯ ಪೋರ್ಟ್) ಅನುಮತಿ ಬರೆಯೋದು ಮರೆತುಹೋಗಿತ್ತು. ಎರಡೂ ಕಡೆ ಸಿಸ್ಕೊ, ಡಿಫಾಲ್ಟ್ ಟೈಮರ್: ಕೀಪ್‌ಅಲೈವ್ (ಬದುಕಿದ್ದೀನಿ ಅನ್ನೋ ಸಂದೇಶ) 60 ಸೆಕೆಂಡ್, ಹೋಲ್ಡ್ 180. ಫಿಲ್ಟರ್ ಬಿದ್ದ ಕ್ಷಣಕ್ಕೇ ಆ ಸೆಷನ್‌ನ ಉಸಿರು ನಿಂತಿತ್ತು, ಆದ್ರೆ ರೌಟರ್ ಅದನ್ನ ಸತ್ತಿದೆ ಅಂತ ಘೋಷಿಸೋಕೆ ಮೂರು ನಿಮಿಷ ಕಾಯುತ್ತೆ. ನಾನು ನೋಡಿದ ಎಸ್ಟಾಬ್ಲಿಷ್ಡ್ ಹಳೇ ಸುದ್ದಿ.

ಈಗ ನಾನು ಸ್ಥಿತಿ ನೋಡಲ್ಲ, ಎಣಿಕೆ ನೋಡ್ತೀನಿ. ಸಮ್ಮರಿಯಲ್ಲಿ ಬಂದ ಮೆಸೇಜ್‌ಗಳ ಸಂಖ್ಯೆಯ ಕಾಲಂ ಇದೆಯಲ್ಲ, ಅದು ಬದಲಾವಣೆ ಆದ ಮೇಲೆ ಎರಡು ಸಲವಾದ್ರೂ ಏರಬೇಕು. ಮುಟ್ಟುತ್ತಿರೋ ಪ್ರೋಟೋಕಾಲ್‌ನ ಅತಿ ನಿಧಾನದ ಟೈಮರ್ ಯಾವುದೋ, ರಿವರ್ಟ್ ಟೈಮರ್ ಅದಕ್ಕಿಂತ ಉದ್ದ ಇರಬೇಕು. ಈಥರ್‌ನೆಟ್ ಮೇಲಿನ ಓಎಸ್‌ಪಿಎಫ್‌ಗೆ (ನೆಟ್‌ವರ್ಕ್ ಒಳಗಿನ ರೌಟಿಂಗ್ ಪ್ರೋಟೋಕಾಲ್) ಡೆಡ್ ಟೈಮರ್ 40 ಸೆಕೆಂಡ್, ಬೇಗ ಗೊತ್ತಾಗುತ್ತೆ. ಸ್ವಿಚ್‌ನ ಮ್ಯಾಕ್ ಟೇಬಲ್ (ಯಾವ ಯಂತ್ರ ಯಾವ ಪೋರ್ಟ್‌ನಲ್ಲಿ ಅನ್ನೋ ಪಟ್ಟಿ) 300 ಸೆಕೆಂಡ್. ಸಿಸ್ಕೊ ಎಆರ್‌ಪಿ (ಯಾವ ಐಪಿಗೆ ಯಾವ ಮ್ಯಾಕ್ ಅನ್ನೋ ಪಟ್ಟಿ) ಮಾತ್ರ ನಾಲ್ಕು ಗಂಟೆ. ಅಷ್ಟು ಹೊತ್ತು ಟೈಮರ್ ಇಟ್ಕೊಂಡು ಕೂರೋಕೆ ಆಗಲ್ಲ, ಅದಕ್ಕೆ ಆ ಎಂಟ್ರಿಯನ್ನ ಕೈಯಾರೆ ಕ್ಲಿಯರ್ ಮಾಡಿ ಹೊಸದಾಗಿ ಕಲಿಯುತ್ತಾ ನೋಡ್ತೀನಿ.

ಇನ್ನೊಂದು: ಲಾಗಿನ್‌ಗೆ ಸಂಬಂಧಪಟ್ಟದ್ದು ಏನಾದ್ರೂ ಮುಟ್ಟಿದ್ರೆ, ವಿಟಿವೈ (ದೂರದ ಲಾಗಿನ್‌ನ ಬಾಗಿಲು) ಮೇಲಿನ ಆಕ್ಸೆಸ್ ಕ್ಲಾಸ್ ಆಗಲಿ ಟಕಾಕ್ಸ್ (ಲಾಗಿನ್ ಪರಿಶೀಲಿಸೋ ಸರ್ವರ್) ಆಗಲಿ, ಇರೋ ಸೆಷನ್‌ನಿಂದ ಕನ್ಫರ್ಮ್ ಮಾಡಬೇಡಿ. ಈಗಾಗಲೇ ಒಳಗೆ ಕೂತವರನ್ನ ಅದು ಎಬ್ಬಿಸಲ್ಲ, ಹೊಸಬರನ್ನ ಮಾತ್ರ ಬಾಗಿಲಲ್ಲಿ ತಡೆಯುತ್ತೆ. ಇನ್ನೊಂದು ಕಿಟಕಿ ತೆಗೆದು ಹೊಸದಾಗಿ ಲಾಗಿನ್ ಆಗಿ, ಅಲ್ಲಿಂದ ಒತ್ತಿ.

ಟ್ರಂಕ್‌ತುಂಡ

ಮೇಡಂ, ಕ್ಷಮಿಸಿ, ಮತ್ತು ತುಂಬಾ ಧನ್ಯವಾದ. ಆ "ನೋ" ವಿಷಯ ಓದಿ ನನ್ನ ಹಳೇ ರೋಲ್‌ಬ್ಯಾಕ್ ಫೈಲ್‌ಗಳನ್ನ ತೆಗೆದು ನೋಡಿದೆ. ಒಂದರಲ್ಲಿ "ನೋ ರೌಟರ್ ಓಎಸ್‌ಪಿಎಫ್ 1" ಅಂತ ಇದೆ. ನಾನು ಆವತ್ತು ಸೇರಿಸಿದ್ದು ಒಂದೇ ಒಂದು ನೆಟ್‌ವರ್ಕ್ ಸಾಲು. ಪುಣ್ಯಕ್ಕೆ ಅದನ್ನ ಹಾಕೋ ಸಂದರ್ಭ ಬರಲಿಲ್ಲ.

ಪ್ಯಾಚ್‌ಪ್ಯಾನೆಲ್ ಸರ್, ವಿಟಿಪಿ ನೋಡಿದೆ. ಆರು ಸ್ವಿಚ್ ವರ್ಷನ್ 2, ಸರ್ವರ್ ಮೋಡ್. ಇವತ್ತು ರಾತ್ರಿ ನಿದ್ದೆ ಬರಲ್ಲ.

ಒಂದು ಅನುಮಾನ ಉಳೀತು. ಪೂರ್ತಿ ಕಾನ್ಫಿಗ್ ಫೈಲ್ ತಯಾರು ಮಾಡಿ ಅಂದ್ರಿ. ಒಂದು ಡಬ್ಬಿಗೆ ಸರಿ. ಒಂದೇ ಬದಲಾವಣೆ ನಲವತ್ತಕ್ಕೂ ಹೋಗಬೇಕಾದಾಗ ನಲವತ್ತು ಫೈಲ್ ಕೈಯಲ್ಲಿ ತಿದ್ದಬೇಕಾ? ಇದನ್ನೆಲ್ಲ ಗಿಟ್‌ನಲ್ಲಿ (ಫೈಲ್‌ಗಳ ಹಳೇ ಆವೃತ್ತಿಗಳನ್ನೆಲ್ಲ ಉಳಿಸೋ ಸಾಧನ) ಇಟ್ಕೊಳ್ಳೋರು ಇದ್ದಾರೆ ಅಂತ ಕೇಳಿದ್ದೀನಿ.

ಬ್ರಾಂಚ್‌ಮರ

ಗಿಟ್ ಅಂದ ಕೂಡಲೇ ಬಂದೆ.

ನಾನು ಮಾಡೋದು: ಆಕ್ಸಿಡೈಜ್ಡ್ ಅನ್ನೋ ಬ್ಯಾಕಪ್ ಸಾಧನ ಪ್ರತಿ ರಾತ್ರಿ ಎಲ್ಲಾ ಡಿವೈಸ್‌ನ ಕಾನ್ಫಿಗ್ ಎಳೆದು ಗಿಟ್‌ಗೆ ಹಾಕುತ್ತೆ. "ಹಿಂದೆ ಏನಿತ್ತು" ಅನ್ನೋದಕ್ಕೆ ಅದು ಸಾಕ್ಷಿ. ಬದಲಾವಣೆ ಅಂದ್ರೆ ಟೆಂಪ್ಲೇಟ್‌ನಲ್ಲಿ ಒಂದು ತಿದ್ದುಪಡಿ, ಅದರಿಂದ ನಲವತ್ತು ಫೈಲ್ ತಾವೇ ಹುಟ್ಟುತ್ತವೆ, ಇನ್ನೊಬ್ಬರು ಡಿಫ್ ಓದಿ ಒಪ್ಪಬೇಕು. ಡಿವೈಸ್‌ಗೆ ತಳ್ಳೋಕೆ ನ್ಯಾಪಾಮ್ ಅನ್ನೋ ಪೈಥಾನ್ ಲೈಬ್ರರಿ. ಅದರಲ್ಲಿ ಕ್ಯಾಂಡಿಡೇಟ್ ಲೋಡ್ ಮಾಡಿ, ಡಿವೈಸ್‌ನ ಬಾಯಲ್ಲೇ ಡಿಫ್ ಹೇಳಿಸಿ, ಬೇಡ ಅನ್ನಿಸಿದ್ರೆ ಡಿಸ್ಕಾರ್ಡ್. ಒಳಗೆ ಐಒಎಸ್‌ಗೆ ಅದು ಬಳಸೋದೂ ಮೇಡಂ ಹೇಳಿದ ಕಾನ್ಫಿಗರ್ ರೀಪ್ಲೇಸ್ ಅನ್ನೇ. ಲ್ಯಾಬ್ ವಿಷಯಕ್ಕೆ ಕಂಟೈನರ್‌ಲ್ಯಾಬ್ ಅಥವಾ ಈವ್‌ಎನ್‌ಜಿ (ವರ್ಚುಯಲ್ ಲ್ಯಾಬ್ ಸಾಫ್ಟ್‌ವೇರ್) ಒಂದು ಲ್ಯಾಪ್‌ಟಾಪ್‌ನಲ್ಲೇ ಓಡುತ್ತೆ. ರೌಟಿಂಗ್ ಪ್ರಶ್ನೆಗಳಿಗೆ ಅದೂ ಬೇಡ, ಬ್ಯಾಟ್‌ಫಿಶ್‌ಗೆ ಎಲ್ಲಾ ಕಾನ್ಫಿಗ್ ಫೈಲ್ ಉಣಿಸಿದ್ರೆ "ಈ ಬದಲಾವಣೆ ಆದ ಮೇಲೆ ಇಲ್ಲಿಂದ ಅಲ್ಲಿಗೆ ಪ್ಯಾಕೆಟ್ ತಲುಪುತ್ತಾ" ಅಂತ ಒಂದೂ ಡಿವೈಸ್ ಮುಟ್ಟದೆ ಹೇಳುತ್ತೆ.

ಆದ್ರೂ ಡಿಫ್ ಅನ್ನ ದೇವರು ಮಾಡಬೇಡಿ. 2022ರ ಜೂನ್ 21ರಂದು ಕ್ಲೌಡ್‌ಫ್ಲೇರ್‌ನ 19 ಡೇಟಾ ಸೆಂಟರ್ ಇಂಟರ್ನೆಟ್‌ನಿಂದ ಕಳಚಿಕೊಂಡವು. ಅವರೇ ಬರೆದ ವರದಿ ಇದೆ: ಬಿಜಿಪಿ ಪ್ರಿಫಿಕ್ಸ್ (ಐಪಿ ವಿಳಾಸಗಳ ಗುಂಪು) ಪಾಲಿಸಿ ತಿದ್ದುವಾಗ ಟರ್ಮ್‌ಗಳ (ನಿಯಮಗಳ) ಕ್ರಮ ಬದಲಾಯ್ತು, ಎಲ್ಲವನ್ನೂ ತಿರಸ್ಕರಿಸೋ ಟರ್ಮ್ ಮೇಲೆ ಬಂತು, ಅದರ ಕೆಳಗೆ ಉಳಿದ ಅಗತ್ಯದ ಪ್ರಿಫಿಕ್ಸ್‌ಗಳು ಹಿಂತೆಗೆದುಹೋದವು. ಟರ್ಮ್‌ಗಳಲ್ಲಿ ಒಂದೊಂದೂ ಬಿಡಿಯಾಗಿ ಓದಿದ್ರೆ ಸರಿಯೇ. ನನ್ನ ಗಮನ ಸೆಳೆದದ್ದು ಅದರಲ್ಲಿನ ಇನ್ನೊಂದು ಮಾತು. ಸರಿಪಡಿಸುವಾಗ ಇಂಜಿನಿಯರ್‌ಗಳು ಒಬ್ಬರ ಬದಲಾವಣೆ ಮೇಲೆ ಇನ್ನೊಬ್ಬರು ನಡೆದು, ಒಬ್ಬರು ಹಿಂದಕ್ಕೆ ತಂದದ್ದನ್ನ ಇನ್ನೊಬ್ಬರು ಮತ್ತೆ ಹಿಂದಕ್ಕೆ ಕಳಿಸಿ, ತೊಂದರೆ ಆಗಾಗ ಮರುಕಳಿಸ್ತಂತೆ.

ಇದು ನಿಮ್ಮ ಜೂನಿಪರ್‌ಗೂ ಅನ್ವಯ ಆಗುತ್ತೆ. ಸುಮ್ಮನೆ "ಕಾನ್ಫಿಗರ್" ಅಂತ ಒಳಗೆ ಹೋದ್ರೆ ಕ್ಯಾಂಡಿಡೇಟ್ ಎಲ್ಲರಿಗೂ ಒಂದೇ. ನನ್ನ ಸಹೋದ್ಯೋಗಿ ಅರ್ಧ ಬರೆದು ಬಿಟ್ಟುಹೋಗಿದ್ದ ಒಂದು ಸ್ಟ್ಯಾಟಿಕ್ ರೂಟ್ ನನ್ನ ಕಮಿಟ್ ಜೊತೆ ಹೊರಟುಹೋಗಿದೆ. ನಾನು ಕಂಪೇರ್ ಔಟ್‌ಪುಟ್‌ನಲ್ಲಿ ನನ್ನ ಸಾಲುಗಳನ್ನ ಮಾತ್ರ ಹುಡುಕಿದ್ದೆ, ನನ್ನದಲ್ಲದ್ದನ್ನ ನೋಡಿರಲಿಲ್ಲ. "ಕಾನ್ಫಿಗರ್ ಎಕ್ಸ್‌ಕ್ಲೂಸಿವ್" ಅಂತ ಹೋಗಿ. ಇನ್ನೊಂದು ಚಿಕ್ಕ ಮುಳ್ಳು: ಕಮಿಟ್ ಕನ್ಫರ್ಮ್ಡ್ ಆದ ಮೇಲೆ ಸುಮ್ಮನೆ ನೋಡೋಣ ಅಂತ "ಕಮಿಟ್ ಚೆಕ್" ಹೊಡೆದ್ರೂ ಅದನ್ನ ಒಪ್ಪಿಗೆ ಅಂತಲೇ ತಗೊಳ್ಳುತ್ತೆ. ಗಡಿಯಾರ ನಿಂತುಹೋಗುತ್ತೆ.

ಕನ್ಸೋಲ್‌ಕೇಬಲ್

ಬ್ರಾಂಚ್‌ಮರ ಹೇಳಿದ ದಾರಿ ಸರಿ, ಆದ್ರೆ ಒಬ್ಬರೇ ಕೆಲಸ ಮಾಡೋರಿಗೆ ಇವತ್ತೇ ಅಷ್ಟೂ ಬೇಡ. ಟೆಂಪ್ಲೇಟ್‌ನಲ್ಲಿ "ಆಡ್" ಮರೆತ್ರೆ ಒಂದು ಮಹಡಿ ಅಲ್ಲ, ನಲವತ್ತೂ ಒಟ್ಟಿಗೆ ಹೋಗುತ್ತವೆ. ಯಾವ ಸಾಧನ ಇಟ್ಕೊಂಡ್ರೂ ಮೊದಲು ಒಂದೇ ಸ್ವಿಚ್, ಜನ ಕಡಿಮೆ ಇರೋದು, ನೀವು ನಡೆದುಕೊಂಡು ಹೋಗಬಹುದಾದದ್ದು. ಅದು ಒಂದು ಪೂರ್ತಿ ಕೆಲಸದ ದಿನ ಕಳೀಲಿ. ಆಮೇಲೆ ಐದು. ಆಮೇಲೆ ಉಳಿದದ್ದು.

ವರ್ಚುಯಲ್ ಲ್ಯಾಬ್ ಬಗ್ಗೆ ಒಂದು ಎಚ್ಚರ. ಅದಕ್ಕೆ ಎಎಸ್‌ಐಸಿ (ನಿಜವಾದ ಸ್ವಿಚ್‌ನಲ್ಲಿ ಪ್ಯಾಕೆಟ್ ಸಾಗಿಸೋ ಚಿಪ್) ಇಲ್ಲ. ಮುನ್ನೂರು ಸಾಲಿನ ಆಕ್ಸೆಸ್ ಲಿಸ್ಟ್ ಲ್ಯಾಪ್‌ಟಾಪ್‌ನಲ್ಲಿ ಹಾಯಾಗಿ ಕೂರುತ್ತೆ, ನಿಜವಾದ ಆಕ್ಸೆಸ್ ಸ್ವಿಚ್‌ನ ಟಿಕ್ಯಾಮ್‌ನಲ್ಲಿ (ಇಂಥ ನಿಯಮಗಳನ್ನ ಇಡೋ ಸೀಮಿತ ಮೆಮೊರಿ) ಜಾಗ ಸಾಲದೆ ಹೋಗಬಹುದು. ರೌಟಿಂಗ್, ಪಾಲಿಸಿ ನೋಡೋಕೆ ಲ್ಯಾಬ್. ಹಾರ್ಡ್‌ವೇರ್ ಮಿತಿ ನೋಡೋಕೆ ಅದೇ ಮಾಡೆಲ್‌ನ ಒಂದು ಬಿಡಿ ಸ್ವಿಚ್ ಮೇಜಿನ ಮೇಲೆ ಇಟ್ಕೊಳ್ಳಿ, ವಿಟಿಪಿ ಆಫ್ ಮಾಡಿ :)

ಟ್ರಂಕ್‌ತುಂಡ

ನಿನ್ನೆ ರಾತ್ರಿ ಮಾಡಿದೆ. ವರದಿ ಒಪ್ಪಿಸ್ತಿದ್ದೀನಿ.

ಮೊದಲ ಯತ್ನ ಬಾಗಿಲಲ್ಲೇ ನಿಂತಿತು. "ರಿವರ್ಟ್ ಟೈಮರ್ 10" ಕೊಟ್ರೆ ಒಪ್ಪಲಿಲ್ಲ. ನೋಡಿದ್ರೆ ಆರ್ಕೈವ್‌ಗೆ ಪಾತ್ ಕೊಟ್ಟಿದ್ದು ಪಕ್ಕದ ಸ್ವಿಚ್‌ನಲ್ಲಿ. ಸರಿ ಮಾಡ್ಕೊಂಡು, ಫೈಲ್ ಫ್ಲ್ಯಾಶ್‌ಗೆ ಹಾಕಿ, ಡಿಫರೆನ್ಸಸ್ ಓದಿದೆ. ಮೈನಸ್ ಸಾಲು: 10,20,40,99. ಪ್ಲಸ್ ಸಾಲು: 10,20,30,40,99. ಆ ಎರಡು ಸಾಲನ್ನ ಬೆರಳಿಟ್ಟು ಒಂದೊಂದೇ ಸಂಖ್ಯೆ ಹೋಲಿಸಿದೆ. ಪರದೆ ಮೇಲೆ ಬೆರಳ ಗುರುತು ಇನ್ನೂ ಇದೆ.

ಹಾಕಿದೆ. ಸೆಷನ್ ಅಲುಗಾಡಲಿಲ್ಲ. ವಿಲ್ಯಾನ್ 30ರಲ್ಲಿ ಲ್ಯಾಪ್‌ಟಾಪ್ ಚುಚ್ಚಿ ಐಪಿ ಬಂತು, ಗೇಟ್‌ವೇ ಪಿಂಗ್ ಆಯ್ತು. ಹೋಲ್ಡ್‌ಟೈಮ್ ಸರ್ ಮಾತು ನೆನಪಾಗಿ ಮ್ಯಾಕ್ ಟೇಬಲ್‌ಗೋಸ್ಕರ ಐದು ನಿಮಿಷ ಕಾಯೋಣ ಅಂತ ಕೂತೆ. ಖುಷಿಗೆ ಮೇಲಿನವರಿಗೆ ಫೋನ್ ಮಾಡಿ ಪೂರ್ತಿ ವಿಧಾನ ವಿವರಿಸ್ತಾ ಹೋದೆ: ನೋಡಿ ಸರ್, ಈಗ ನಾನು ಏನೂ ಮಾಡದಿದ್ರೆ ಇದು ತಾನೇ ಹಳೇದಕ್ಕೆ ಹೋಗುತ್ತೆ ಅಂತೆಲ್ಲ.

ಹೇಳ್ತಾ ಇದ್ದಂಗೇ ಲ್ಯಾಪ್‌ಟಾಪ್‌ನ ಪಿಂಗ್ ನಿಂತಿತು. ಹತ್ತು ನಿಮಿಷ ಆಗಿಹೋಗಿತ್ತು. ಇನ್ನೊಂದು ನಿಮಿಷ ಇದೆ ಅನ್ನುವಾಗ ಸ್ವಿಚ್ ಎಚ್ಚರಿಕೆ ಕೊಡುತ್ತಂತೆ, ಅದು ನನ್ನ ಪರದೆಗೂ ಬರಲಿ ಅನ್ನೋ "ಟರ್ಮಿನಲ್ ಮಾನಿಟರ್" ನಾನು ಹಾಕಿರಲಿಲ್ಲ, ಅದು ಕನ್ಸೋಲ್‌ನಲ್ಲಿ ಯಾರೂ ಇಲ್ಲದ ಕಡೆ ಕೂಗ್ಕೊಂಡಿದೆ. ಶೋ ರನ್ ಹೊಡೆದೆ: 10,20,40,99. ಉಳಿದ ವಿಲ್ಯಾನ್‌ಗಳಿಗೆ ಏನೂ ಆಗಿರಲಿಲ್ಲ.

ಆ ಕಡೆ ಅವರು ಕೇಳಿದ್ರು, "ಹಾಗಾದ್ರೆ ಅದು ಕೆಲಸ ಮಾಡುತ್ತೆ ಅಂತ ಪರೀಕ್ಷೆ ಮಾಡಿದ್ದೀಯಾ?"

ಮಾಡಿದ್ದೀನಿ ಸರ್, ಈಗ ತಾನೇ, ಅಂದೆ. ಎರಡನೇ ಸಲ ಹಾಕಿ ಆರನೇ ನಿಮಿಷಕ್ಕೆ ಕನ್ಫರ್ಮ್ ಒತ್ತಿದ್ದೀನಿ. ವಿಟಿಪಿಯ ಆರು ಸ್ವಿಚ್ ಬಾಕಿ ಇವೆ, ಅದಕ್ಕೆ ಬೇರೆ ಪ್ರಶ್ನೆ ಹಾಕ್ತೀನಿ.